ಪತ್ತನಾಜೆಗೆ ಮೊದಲು

ನಮ್ಮ ಪುತ್ತೂರು ಕಡೆ ಮೇ ತಿಂಗಳೆಂದರೆ ಮಾಡಿನ ಮೇಲೆ ಹಂಚಿನವರು, ಚಾವಡಿಯಲ್ಲಿ ಆಚಾರಿ, ಹಿತ್ತಿಲಲ್ಲಿ ಗಾರೆಯವರು. ಎಲ್ಲರಿಗೂ ಒಂದೇ ಗಡುವು: ಮಳೆ.

ಅಜ್ಜಿ ಸಣ್ಣವರಿದ್ದಾಗ ಈ ತಾಪತ್ರಯ ಇರಲಿಲ್ಲವಂತೆ. ಮುಳಿಹುಲ್ಲಿನ ಮಾಡು, ನೆರೆಕರೆಯವರು ಬಂದು ಹೊದೆಸುವರು, ಊಟ ಮಾಡಿ ಹೋಗುವರು, ಅವರ ಮನೆಗೆ ನಮ್ಮವರು ಹೋಗುವರು. ಆದರೆ ಪ್ರತಿ ವರ್ಷವೂ ಅದೇ ಕೆಲಸ, ಜೊತೆಗೆ ಬೆಂಕಿಯ ಹೆದರಿಕೆ.

ಆ ಹುಲ್ಲಿನ ಜಾಗಕ್ಕೆ ಬಂದದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆಬದಿಯ ಜೇಡಿಮಣ್ಣು, ಯಂತ್ರದ ಅಚ್ಚು, ಒಂದಕ್ಕೊಂದು ಕಚ್ಚಿ ಕೂರುವ ಅಂಚು. ಆ ಕಚ್ಚುವಿಕೆಯಲ್ಲೇ ಇರುವುದು ಗುಟ್ಟು. ಹುಲ್ಲು ಸೊಟ್ಟ ಬಿದಿರಿನ ಮೇಲೂ ಕೂರುತ್ತದೆ. ಹಂಚಿಗೆ ಅಡಿಯ ಮರದ ಪಕಾಸು, ರೀಪು ನೇರವಾಗಿರಬೇಕು. ಒಂದು ರೀಪಿಗೆ ಗೆದ್ದಲು ಹಿಡಿದರೆ ಸಾಲೇ ಜಾರಿ ನೀರು ಒಳಗೆ. ಹೀಗೆ ಮಾಡು ನೆರೆಕರೆಯ ಕೈಯಿಂದ ಕಸುಬುದಾರರ ಕೈಗೆ ಹೋಯಿತು. ಗಟ್ಟಿ ಮಾಡು ಸಿಕ್ಕಿತು, ಕಾಯುವ ಕೆಲಸವೂ ಸಿಕ್ಕಿತು ಎಂಬುದು ನನ್ನ ಲೆಕ್ಕ.

ಕ್ರಮ ತಪ್ಪಿದರೆ ಕೆಲಸ ಎರಡೆರಡು ಬಾರಿ. ಮೊದಲು ಹಂಚು ಇಳಿಸಬೇಕು, ಆಮೇಲೆ ಆಚಾರಿಯ ಮರಗೆಲಸ, ಮತ್ತೆ ಹಂಚು, ಕೊನೆಗೆ ಗೋಡೆಯ ಗಾರೆ. ಆಚಾರಿ ಬಾರದಿದ್ದರೆ ಮಿಕ್ಕವರೆಲ್ಲ ಬೇರೆ ಮನೆಗೆ. ಅಪ್ಪ ಪತ್ತನಾಜೆಯನ್ನೇ ಗಡುವು ಮಾಡಿದ್ದರು. ಕೋಲ, ಜಾತ್ರೆ, ಯಕ್ಷಗಾನದ ತಿರುಗಾಟ ಮುಗಿಯುವ ಆ ದಿನ ಮೇ 24ರ ಆಸುಪಾಸು. ನಾನೀಗ ಟಾರ್ಪಾಲನ್ನೂ ತಂದಿಟ್ಟುಕೊಳ್ಳುತ್ತೇನೆ.