ಗಾಜಿನ ತೊಟ್ಟಿಗೆ ಕಡಲು ಬಂದ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ವಿಜ್ಞಾನ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಉಪ್ಪುನೀರಿನ ಅಕ್ವೇರಿಯಂ ಒಂದು ಬೇಕಾಗಿತ್ತು. ರಸಾಯನಶಾಸ್ತ್ರ ಓದಿ ಬಂದ ನಾನು, ಇದರಲ್ಲಿ ಕಷ್ಟವೇನಿದೆ ಎಂದುಕೊಂಡೆ. 100 ಲೀಟರಿನ ಗಾಜಿನ ತೊಟ್ಟಿ ತರಿಸಿದೆ. ಅಂಗಡಿಯಲ್ಲಿ ಸಿಗುವ ಕಡಲುಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಕರಗಿಸಿದೆ. ಗಾಳಿಯ ಪಂಪು ಹಚ್ಚಿ ಮಾರನೆಯ ದಿನವೇ ನಾಲ್ಕು ಮೀನುಗಳನ್ನು ಬಿಟ್ಟೆ. ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಐದನೆಯ ದಿನ ಬೆಳಿಗ್ಗೆ ನಾಲ್ಕೂ ಮೀನುಗಳು ಸತ್ತು ತೇಲುತ್ತಿದ್ದವು. ಚಿತ್ರೀಕರಣ ನಿಂತಿತು. ತಪ್ಪು ನನ್ನದೇ.

ಉಪ್ಪಿನ ಅಳತೆ ಸರಿಯಿತ್ತು, ಗಾಳಿಗೂ ಕೊರತೆಯಿರಲಿಲ್ಲ. ಹಾಗಾದರೆ ಮೀನುಗಳು ಸತ್ತದ್ದೇಕೆ? ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ಸುಮಾರು ಇನ್ನೂರು ವರ್ಷಗಳ ಒಂದು ಇತಿಹಾಸ. ಹೊಸದಾಗಿ ಅಕ್ವೇರಿಯಂ ಹೂಡುವವರು ಇಂದು ಮಾಡುವ ತಪ್ಪುಗಳನ್ನೆಲ್ಲ ಹಿಂದಿನವರು ಒಂದೊಂದಾಗಿ ಮಾಡಿ, ಒಂದೊಂದಾಗಿ ತಿದ್ದಿಕೊಂಡಿದ್ದಾರೆ. ಆ ಕಥೆಯನ್ನು ಈಗ ನೋಡೋಣ.

ಕಥೆ ಶುರುವಾಗುವುದು ಇಟಲಿಯ ಸಿಸಿಲಿ ದ್ವೀಪದ ಮೆಸಿನಾ ಪಟ್ಟಣದಲ್ಲಿ. ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಬಟ್ಟೆ ಹೊಲಿಯುವ ಕೆಲಸ ಮಾಡಿ, ಮದುವೆಯ ನಂತರ ಅಲ್ಲಿಗೆ ಬಂದು ನೆಲೆಸಿದ ಜಾನ್ ವಿಲ್‌ಪ್ರೂ ಪವರ್ ಎಂಬ ಮಹಿಳೆಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಆರ್ಗೊನಾಟ್ ಎಂಬುದು ಅಷ್ಟಪದಿಯ ಜಾತಿಯ ಕಡಲಪ್ರಾಣಿ. ತೆಳ್ಳನೆಯ ಬಿಳಿ ಚಿಪ್ಪಿನಲ್ಲಿ ವಾಸಿಸುತ್ತದೆ. ಆ ಚಿಪ್ಪನ್ನು ಅದೇ ಕಟ್ಟಿಕೊಳ್ಳುತ್ತದೆಯೋ, ಬೇರೆ ಪ್ರಾಣಿಯಿಂದ ಕಸಿದುಕೊಳ್ಳುತ್ತದೆಯೋ? ವಿದ್ವಾಂಸರು ವಾದ ಮಾಡುತ್ತಲೇ ಇದ್ದರು. ಜಾನ್ 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಅದರಲ್ಲಿ ಕಡಲನೀರು ತುಂಬಿ, ಪ್ರಾಣಿಯನ್ನು ಜೀವಂತವಾಗಿ ಇಟ್ಟು ನೋಡಿದರು. ಚಿಪ್ಪಿಗೆ ಪೆಟ್ಟಾದರೆ ಪ್ರಾಣಿಯೇ ಅದನ್ನು ದುರಸ್ತಿ ಮಾಡಿಕೊಳ್ಳುವುದು ಕಂಡಿತು. ವಾದ ಮುಗಿಯಿತು. ಕಡಲು ಮನೆಯ ಬಾಗಿಲಲ್ಲೇ ಇದ್ದುದರಿಂದ ಅವರಿಗೆ ಹೊಸ ನೀರಿನ ಚಿಂತೆ ಇರಲಿಲ್ಲ.

ಕಡಲಿನಿಂದ ದೂರ ಇರುವವರು ಏನು ಮಾಡಬೇಕು? ಈ ಪ್ರಶ್ನೆ ಎದುರಾದದ್ದು ಲಂಡನ್ನಿನ ಆನಾ ಥಿನ್ ಎಂಬುವರಿಗೆ. 1846ರಲ್ಲಿ ಅವರು ಟಾರ್ಕಿ ಎಂಬ ಕಡಲತೀರದ ಊರಿನಿಂದ ಕೆಲವು ಸಣ್ಣ ಗಟ್ಟಿ ಹವಳಗಳನ್ನು ಮನೆಗೆ ತಂದರು. ಸೂಜಿದಾರದಿಂದ ಅವುಗಳನ್ನು ಒಂದು ಸ್ಪಂಜಿಗೆ ಹೊಲಿದು, ನೀರಿನ ಪಾತ್ರೆಯಲ್ಲಿ ಅಲುಗಾಡದಂತೆ ಇಟ್ಟರು. ನೀರು ಕೆಡದಿರಲು ತೆರೆದ ಕಿಟಕಿಯ ಮುಂದೆ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅದನ್ನು ಹೊಯ್ಯಬೇಕಾಗಿತ್ತು. ಹೋಟೆಲಿನಲ್ಲಿ ಕಾಫಿಯನ್ನು ಎತ್ತಿ ಹೊಯ್ದು ಆರಿಸುವುದನ್ನು ನೀವು ಕಂಡಿದ್ದೀರಿ, ಹಾಗೆಯೇ. ದಿನವೂ ಅರ್ಧ ಮುಕ್ಕಾಲು ಗಂಟೆ ಈ ಕೆಲಸ ಮಾಡಿದವಳು ಮನೆಗೆಲಸದ ಒಬ್ಬ ಹುಡುಗಿ. ಇಂದು ವಿದ್ಯುತ್ ಪಂಪು ಮಾಡುವ ಕೆಲಸವನ್ನು ಆಗ ಅವಳ ತೋಳುಗಳು ಮಾಡಿದವು. ಮುಂದಿನ ವರ್ಷ ಥಿನ್ ಅವರು ಪಾತ್ರೆಗೆ ಕಡಲಪಾಚಿಯನ್ನೂ ಸೇರಿಸಿದರು. ಹವಳಗಳು ಬದುಕಿದ್ದಷ್ಟೇ ಅಲ್ಲ, ಮರಿಗಳನ್ನೂ ಹಾಕಿದವು.

ಪಾಚಿ ಯಾಕೆ ಬೇಕು ಎಂಬುದನ್ನು ಬಿಡಿಸಿ ಹೇಳಿದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರ ಸುಮಾರಿಗೆ ಅವರು ಸಿಹಿನೀರಿನ ತೊಟ್ಟಿಯಲ್ಲಿ ಮೀನು ಮತ್ತು ಜಲಸಸ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಸ್ಯ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ಆದರೂ ಎಲೆ ಕೊಳೆತು ನೀರು ಕೆಟ್ಟಿತು. ಬಸವನಹುಳುಗಳನ್ನು ಬಿಟ್ಟಾಗ ಅವು ಕೊಳೆತ ಎಲೆಗಳನ್ನು ತಿಂದು ನೀರನ್ನು ತಿಳಿಯಾಗಿಸಿದವು. ತೊಟ್ಟಿ ಎಂದರೆ ಬರಿಯ ಪಾತ್ರೆಯಲ್ಲ, ಕೊಡುಕೊಳ್ಳುವಿಕೆಯ ಒಂದು ಸಂಸಾರ ಎಂಬುದು ಆಗ ಗೊತ್ತಾಯಿತು.

1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಪ್ರೇಮಿಯ ಪುಸ್ತಕ ಬಂದು, 'ಅಕ್ವೇರಿಯಂ' ಎಂಬ ಹೆಸರನ್ನು ಮನೆಮಾತಾಗಿಸಿತು. ಇಂಗ್ಲೆಂಡಿನ ಮನೆಮನೆಗೂ ಗಾಜಿನ ತೊಟ್ಟಿಯ ಹುಚ್ಚು ಹಿಡಿಯಿತು. ಜನ ಕಡಲತೀರಕ್ಕೆ ಹೋಗಿ ಬಂಡೆಗಳ ನಡುವಿನ ಕೊಳಗಳಿಂದ ಕಡಲಹೂ, ಏಡಿ, ಸೀಗಡಿಗಳನ್ನು ಬಾಚಿ ತಂದರು. ತಂದವುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಸತ್ತವು, ಮತ್ತೆ ತಂದರು. ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥನದಲ್ಲಿ, ತಂದೆಯ ಪುಸ್ತಕಗಳನ್ನು ಓದಿ ಬಂದ ಜನರಿಂದಲೇ ಆ ತೀರಗಳು ಬರಿದಾದವು ಎಂದು ಮರುಗಿದ್ದಾರೆ. ಪ್ರೀತಿಯೇ ಪ್ರಾಣಕ್ಕೆ ಮುಳುವಾದ ಈ ಪ್ರಸಂಗವನ್ನು ನೆನಪಿಡಿ. ಮುಂದೆ ಮತ್ತೆ ಬರುತ್ತದೆ.

ಹುಚ್ಚು ಇಳಿದ ಮೇಲೆ ಉಳಿದವರಲ್ಲಿ ಒಬ್ಬರು ವಿಲಿಯಂ ಆಲ್ಫರ್ಡ್ ಲಾಯ್ಡ್. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಅವರ ಮತ್ಸ್ಯಾಗಾರ ತೆರೆಯಿತು. ಜನ ನೋಡುವ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡದಾದ ಕತ್ತಲೆಯ ಸಂಪೊಂದನ್ನು ಅವರು ಕೆಳಗಡೆ ಕಟ್ಟಿಸಿದರು. ನೀರು ಮೇಲಿಂದ ಸಂಪಿಗೆ ಇಳಿದು ಪಂಪಿನ ಮೂಲಕ ಮತ್ತೆ ಮೇಲೇರುತ್ತಿತ್ತು. ಹೀಗೆ ಸುತ್ತಿಸಿದರೆ ಅದೇ ನೀರು ಬಹುಕಾಲ ಕೆಡದು ಎಂಬುದು ಅವರ ಅನುಭವ. ಆದರೆ ಯಾಕೆ?

ಉತ್ತರ ಕಡಲಿನಿಂದ ಬರಲಿಲ್ಲ, ಚರಂಡಿಯಿಂದ ಬಂತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಕೊಳಚೆನೀರನ್ನು ಮರಳು ತುಂಬಿದ ಕೊಳವೆಯಲ್ಲಿ ಮೆಲ್ಲನೆ ಇಳಿಸಿದರು. ಮೊದಲ ಕೆಲವು ದಿನ ಏನೂ ಆಗಲಿಲ್ಲ. ನಂತರ ನೀರಿನಲ್ಲಿದ್ದ ಅಮೋನಿಯ ನೈಟ್ರೇಟ್ ಆಗತೊಡಗಿತು. ಜೀವಿಗಳನ್ನು ನಿಶ್ಚೇಷ್ಟಗೊಳಿಸುವ ಕ್ಲೋರೋಫಾರ್ಮ್ ಹಾಯಿಸಿದಾಗ ಆ ಕ್ರಿಯೆ ನಿಂತಿತು. ಎಂದರೆ ಇದು ಜೀವಿಗಳ ಕೆಲಸ! 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೇಯ್ ವಿನೊಗ್ರಾಡ್ಸ್ಕಿ ಆ ಬ್ಯಾಕ್ಟೀರಿಯಗಳನ್ನೇ ಪ್ರತ್ಯೇಕಿಸಿ ತೋರಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ಅಪಾಯಕಾರಿಯಲ್ಲ.

ನನ್ನ ನಾಲ್ಕು ಮೀನುಗಳು ಸತ್ತ ಗುಟ್ಟು ಇದೇ. ಅವು ವಿಸರ್ಜಿಸಿದ ಅಮೋನಿಯವನ್ನು ತಿನ್ನಲು ಆ ಹೊಳೆಯುವ ನೀರಿನಲ್ಲಿ ಯಾರೂ ಇರಲಿಲ್ಲ. ಹೆಪ್ಪು ಹಾಕದೆ ಹಾಲು ಮೊಸರಾಗಲೆಂದು ಕಾದಂತೆ ನನ್ನ ಕೆಲಸವಾಗಿತ್ತು. ಎರಡನೆಯ ಸಲ, ಹಳೆಯ ತೊಟ್ಟಿಯೊಂದರಿಂದ ಒಂದು ಹಿಡಿ ಮರಳು ತಂದು ಹಾಕಿ, ಬ್ಯಾಕ್ಟೀರಿಯಗಳ ಆಹಾರಕ್ಕೆಂದು ಚಿಟಿಕೆಯಷ್ಟು ಮೀನಿನ ಆಹಾರ ಉದುರಿಸುತ್ತಾ, ಮೀನಿಲ್ಲದ ತೊಟ್ಟಿಯನ್ನು ಆರು ವಾರ ಓಡಿಸಿದೆವು. 'ಸಾರ್, ಮೀನೆಲ್ಲಿ?' ಎಂದು ಕ್ಯಾಮೆರಾದವರು ದಿನವೂ ನಗುತ್ತಿದ್ದರು. ಪರೀಕ್ಷೆಯ ದ್ರಾವಣದಲ್ಲಿ ಮೊದಲು ಅಮೋನಿಯ ಏರಿ ಇಳಿಯಿತು, ಅನಂತರ ನೈಟ್ರೈಟ್ ಏರಿ ಇಳಿಯಿತು. ಎರಡೂ ಸೊನ್ನೆಗೆ ಬಂದ ಮೇಲೆ ಒಂದೇ ಒಂದು ಮೀನು ಬಿಟ್ಟೆವು. ಅದು ಬದುಕಿತು.

ಮೀನು ಬದುಕಿದ ಮಾತ್ರಕ್ಕೆ ಹವಳದ ದಿಬ್ಬ ಬದುಕುವುದಿಲ್ಲ. ಥಿನ್ ಅವರ ಹವಳಗಳು ತಣ್ಣನೆಯ ಕಡಲಿನವು, ಬೆಳಕು ಬೇಡದವು. ಉಷ್ಣವಲಯದ ದಿಬ್ಬ ಕಟ್ಟುವ ಹವಳಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬಿಸಿಲಿನಲ್ಲಿ ಅವು ಆಹಾರ ತಯಾರಿಸಿ ಹವಳಕ್ಕೆ ಪಾಲು ಕೊಡುತ್ತವೆ. 1928-29ರಲ್ಲಿ ಸಿ. ಎಂ. ಯಾಂಗ್ ಅವರ ನೇತೃತ್ವದಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಬ್ಬಕ್ಕೆ ಹೋದ ತಂಡ ಹವಳದ ಆಹಾರಕ್ರಮವನ್ನೂ ಈ ಪಾಚಿಯ ಸಂಬಂಧವನ್ನೂ ಆಳವಾಗಿ ಅಭ್ಯಸಿಸಿತು. 1956ರಲ್ಲಿ ನ್ಯೂ ಕ್ಯಾಲಿಡೋನಿಯ ದ್ವೀಪದ ನೂಮಿಯಾದಲ್ಲಿ ರೆನೆ ಕತಾಲಾ ದಂಪತಿಗಳು ಸ್ಥಾಪಿಸಿದ ಮತ್ಸ್ಯಾಗಾರದಲ್ಲಿ, ಸದಾ ಹರಿಯುವ ಕಡಲನೀರಿನ ನೆರವಿನಿಂದ ಜೀವಂತ ಹವಳಗಳು ಪ್ರದರ್ಶನಕ್ಕೆ ಬಂದವು.

1961ರಲ್ಲಿ ಇಂಡೋನೇಷ್ಯದ ಲೀ ಚಿನ್ ಎಂಗ್ ತಮ್ಮ ಸರಳ ವಿಧಾನವನ್ನು ಪ್ರಕಟಿಸಿದರು. ಕಡಲಿನಿಂದ ತಂದ, ಮೈತುಂಬ ಜೀವಿಗಳಿರುವ ಕಲ್ಲು, ಗಾಳಿಗುಳ್ಳೆಗಳು, ಬಿಸಿಲು. ಇಷ್ಟೇ. ಆ 'ಜೀವಂತ ಕಲ್ಲಿನ' ರಂಧ್ರಗಳಲ್ಲಿದ್ದ ಬ್ಯಾಕ್ಟೀರಿಯಗಳೇ ನೀರನ್ನು ಶುದ್ಧ ಮಾಡುತ್ತಿದ್ದವು. ಮುಂದಿನ ದಶಕಗಳಲ್ಲಿ ಜರ್ಮನಿಯ ಹವ್ಯಾಸಿಗಳು ಇದಕ್ಕೆ ಪ್ರಖರ ದೀಪಗಳನ್ನೂ ನೊರೆ ತೆಗೆಯುವ ಸಾಧನವನ್ನೂ ಜೋಡಿಸಿ, ಬರ್ಲಿನ್ ಪದ್ಧತಿ ಎಂದು ಹೆಸರಾದ ಕ್ರಮವನ್ನು ರೂಢಿಸಿದರು. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬರುವ ಕೊಳೆನೊರೆಯನ್ನು ತೆಗೆದುಹಾಕುವುದಿಲ್ಲವೆ? ಈ ಸಾಧನವೂ ಸಣ್ಣ ಗುಳ್ಳೆಗಳ ನೊರೆಯೊಡನೆ ನೀರಿನ ಕೊಳೆಯನ್ನು ಹೊರಹಾಕುತ್ತದೆ. ಹೀಗೆ ಹವಳದ ತೊಟ್ಟಿ ಸಂಶೋಧನಾಲಯದಿಂದ ಸಾಮಾನ್ಯರ ಮನೆಗೆ ಬಂತು.

ಆಗ ಇಂಗ್ಲೆಂಡಿನ ಹಳೆಯ ಕಥೆ ಮತ್ತೆ ಮೊದಲಾಯಿತು, ಇನ್ನೂ ದೊಡ್ಡದಾಗಿ. 1960ರ ದಶಕದಿಂದ ಫಿಲಿಪ್ಪೀನ್ಸಿನಲ್ಲಿ ಬಣ್ಣದ ಮೀನುಗಳನ್ನು ಮಂಪರುಗೊಳಿಸಿ ಹಿಡಿಯಲು ಹವಳಗಳ ಸಂದಿಗಳಿಗೆ ಸಯನೈಡ್ ಚಿಮುಕಿಸತೊಡಗಿದರು. ಮೀನು ಸಿಕ್ಕಿತು, ಹವಳ ಸತ್ತಿತು.

ನಮ್ಮ ದೇಶಕ್ಕೆ ಬರೋಣ. 1909ರಲ್ಲಿ ಮದ್ರಾಸಿನ ಮರೀನಾ ತೀರದಲ್ಲಿ, 1951ರಲ್ಲಿ ಮುಂಬಯಿಯಲ್ಲಿ ಕಡಲಮೀನುಗಳ ಮತ್ಸ್ಯಾಗಾರಗಳು ತೆರೆದವು. ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಗಾರವನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳಿವೆ. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ ಎಂದಾಯಿತು. ಆದ್ದರಿಂದ ಅದನ್ನು ಕಡಲಿನಿಂದ ಕೀಳುವುದೂ ಮಾರುವುದೂ ಅಪರಾಧ.

ಹಾಗಾದರೆ ನಮ್ಮ ಹೊಸಬರು ಏನು ಮಾಡಬಹುದು? ಹವಳವಿಲ್ಲದ ಉಪ್ಪುನೀರಿನ ತೊಟ್ಟಿಯಿಂದ ಆರಂಭಿಸಬಹುದು. ಸಾಮಾನ್ಯ ರಂಧ್ರಗಲ್ಲು ಸಾಕು. ಮರಿಯಿಂದಲೇ ತೊಟ್ಟಿಯಲ್ಲಿ ಬೆಳೆದ ಕ್ಲೌನ್ ಮೀನನ್ನು ಕೇಳಿ ಕೊಳ್ಳಿ. 'ನೀಮೊ' ಎಂದು ನೀವೆಲ್ಲ ಬಲ್ಲ ಈ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮತ್ಸ್ಯ ಸಂಶೋಧನಾ ಸಂಸ್ಥೆಯೂ ರೂಢಿಸಿದೆ. ತೊಟ್ಟಿ ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದು. ನೀರು ಹೆಚ್ಚಿದ್ದಷ್ಟೂ ಏರುಪೇರು ನಿಧಾನ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ದಿನವೂ ಕಡಿಮೆಯಾದಷ್ಟು ಸಿಹಿನೀರನ್ನೇ ಸೇರಿಸಬೇಕು. ಎಲ್ಲಕ್ಕಿಂತ ಮೊದಲು, ಮೀನಿಲ್ಲದ ತೊಟ್ಟಿಯ ಅಮೋನಿಯ ಮತ್ತು ನೈಟ್ರೈಟ್ ಪ್ರಮಾಣವನ್ನು ಆರು ವಾರ ಬರೆದಿಟ್ಟು ಒಂದು ನಕ್ಷೆ ಎಳೆಯಿರಿ. ಕಾಲೇಜಿನ ಪ್ರಯೋಗಶಾಲೆಗೆ ಇದಕ್ಕಿಂತ ಚೆಂದದ ಕೆಲಸ ಕಡಿಮೆ.

ಇಷ್ಟೆಲ್ಲ ಕಾಯುವುದು ಒಂದು ಹವ್ಯಾಸಕ್ಕಾಗಿಯೇ ಎಂದು ನೀವು ಕೇಳಬಹುದು. ಈಚಿನ ಕೆಲವು ಘಟನೆಗಳನ್ನು ನೋಡಿ. ಕಡಲು ಅತಿಯಾಗಿ ಕಾದಾಗ ಹವಳ ತನ್ನೊಳಗಿನ ಪಾಚಿಗಳನ್ನು ಕಳೆದುಕೊಂಡು ಬಿಳಿಚುತ್ತದೆ. ಕಾವು ಇಳಿಯದಿದ್ದರೆ ಸಾಯುತ್ತದೆ. 2013ರಲ್ಲಿ ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದವರು, ಹವಳದ ತವರಿನ ಋತುಮಾನ, ಬಿಸಿಲು, ಬೆಳದಿಂಗಳುಗಳನ್ನು ಅನುಕರಿಸಿ, ಮುಚ್ಚಿದ ತೊಟ್ಟಿಯಲ್ಲಿ ಹವಳ ಮೊಟ್ಟೆಯಿಡುವಂತೆ ಮಾಡಿದರು. ಅವರ ಸಹಕಾರದಿಂದ 2019ರ ಆಗಸ್ಟಿನಲ್ಲಿ ಅಮೆರಿಕದ ಫ್ಲಾರಿಡದ ಮತ್ಸ್ಯಾಗಾರವೊಂದರಲ್ಲಿ, ಅಲ್ಲಿನ ಕಡಲಲ್ಲಿ ನಶಿಸುತ್ತಿದ್ದ ಕಂಬದ ಹವಳ ಮೊಟ್ಟೆಯಿಟ್ಟಿತು. 2023ರ ಬೇಸಿಗೆಯಲ್ಲಿ ಫ್ಲಾರಿಡದ ತೀರದ ನೀರು ಅಸಾಧಾರಣವಾಗಿ ಕಾದಾಗ, ಕಾರ್ಯಕರ್ತರು ಕಡಲೊಳಗಿನ ಹವಳದ ತೋಟಗಳಿಂದ ಸಸಿಗಳನ್ನು ಎತ್ತಿ ತಂದು ದಡದ ತೊಟ್ಟಿಗಳಲ್ಲಿ ಇಟ್ಟರು. ಆ ತೊಟ್ಟಿಗಳಲ್ಲಿ ನೀರು ಕೆಡದಂತೆ ನೋಡಿಕೊಂಡದ್ದು, ಆನಾ ಥಿನ್ ಅವರ ಮನೆಯ ಹುಡುಗಿಯ ತೋಳುಗಳಿಂದ ಮೊದಲಾಗಿ ಮನುಷ್ಯರು ಮೆಲ್ಲಮೆಲ್ಲನೆ ಕಲಿತ ಇದೇ ವಿದ್ಯೆ.