ಕ್ವಾಲಿಟಿ ಪಟ್ಟಿಯ ಹಿಂದಿನ ಬೆಂಗಳೂರಿಗ

ಅಜ್ಜಿಯದ್ದು ಅಂತ ನನ್ನ ಹತ್ರ ಇರೋದು ಒಂದೇ ಫೋಟೋ. ವೆಬ್‌ಗೆ ಹಾಕೋಕೆ ಫೋಟೋಶಾಪ್‌, ಗಿಂಪ್‌ ಎರಡರಲ್ಲೂ ಕುಗ್ಗಿಸಿ ನೋಡಿದೆ. ಮೊದಲನೆಯದಕ್ಕೆ ದುಡ್ಡು ಕೊಡಬೇಕು, ಎರಡನೆಯದು ಪುಕ್ಕಟೆ. ಎರಡರಲ್ಲೂ ಕ್ವಾಲಿಟಿ 60 ಇಟ್ಟರೂ ಫೈಲಿನ ಗಾತ್ರ ಬೇರೆ ಬೇರೆ. ಆದರೆ ತೀರಾ ಇಳಿಸಿದಾಗ ಎರಡರಲ್ಲೂ ಒಂದೇ ಕಥೆ: ಅಜ್ಜಿಯ ಸುಕ್ಕುಗಳು ಮಾಯ, ಮುಖದ ತುಂಬಾ ಚೌಕಗಳು.

ಯಾಕಂದ್ರೆ ಜೆಪೆಗ್‌ನ ಒಳಗಿನ ಗಣಿತ ಒಂದೇ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ರೂಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲೇ ಬಿ.ಇ. ಮುಗಿಸಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್. 1972ರಲ್ಲಿ ಈ ಸಂಶೋಧನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ಹಣ ಕೇಳಿದರು, ಸಿಗಲಿಲ್ಲ. ಅವರು ಬಿಡಲೂ ಇಲ್ಲ. ಟಿ. ನಟರಾಜನ್, ಕೆ. ಆರ್. ರಾವ್ ಜೊತೆ ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. 1992ರ ಜೆಪೆಗ್ ಮಾನದಂಡ ನಿಂತಿರೋದು ಅದರ ಮೇಲೇ.

ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಒಡೆದು, ಕಣ್ಣು ಅಷ್ಟಾಗಿ ಗಮನಿಸದ ಸಣ್ಣ ವಿವರಗಳನ್ನು ಮೊದಲು ಕೈಬಿಡೋದು ಇದರ ಉಪಾಯ. ಮೊರದಲ್ಲಿ ಕೇರಿದ ಹಾಗೆ. ಜಾಸ್ತಿ ಬೀಸಿದರೆ ಹೊಟ್ಟಿನ ಜೊತೆ ಕಾಳೂ ಹಾರುತ್ತೆ. ಹಾರಿದ್ದು ವಾಪಸ್ ಬರಲ್ಲ.

ಹಾಗಾಗಿ ಮೂಲ ಫೋಟೋ ಮುಟ್ಟಿಲ್ಲ, ಕುಗ್ಗಿಸಿದ್ದೆಲ್ಲ ನಕಲನ್ನೇ. ನಾನೂ ಬಿ.ಇ. ಓದಿದವನೇ. ನಾಸಿರ್ ಅಹ್ಮದ್ ಹೆಸರನ್ನು ಮಾತ್ರ ಯಾವ ಕ್ಲಾಸಲ್ಲೂ ಕೇಳಿರಲಿಲ್ಲ.