ಕೃಪೆ ಒಂದು ತರಗತಿಯಲ್ಲಿ, ನೀತಿ ಇನ್ನೊಂದರಲ್ಲಿ

ವಿಶ್ವಾಸ, ರಕ್ಷಣೆ, ಸದಾಚಾರಗಳ ಬಗ್ಗೆ ಪ್ರೊಟೆಸ್ಟೆಂಟರಿಗೆ ಕಥೋಲಿಕರು ಕೊಡುತ್ತ ಬಂದ ಉತ್ತರಗಳನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಎರಡು ರೂಢಿಗಳಿವೆ. ‘ಅವರಿಗೆ ವಿಶ್ವಾಸ ಸಾಕು, ಇವರಿಗೆ ಸತ್ಕ್ರಿಯೆ ಬೇಕು’ ಎಂಬುದು ಹಳೆಯದು. ಇತಿಹಾಸದ ಪಾಠಗಳಲ್ಲಿ, ಪ್ರಾರ್ಥನಾಕೂಟಗಳ ವೇದಿಕೆಗಳಲ್ಲಿ ಅದಿನ್ನೂ ಗಟ್ಟಿಯಾಗಿದೆ. ‘ಅದೆಲ್ಲ ಪರಸ್ಪರ ಅಪಾರ್ಥ, 1999ರಲ್ಲಿ ಸಹಿ ಬಿತ್ತು, ಮುಗಿಯಿತು’ ಎಂಬುದು ಈಚಿನದು, ವಿಚಾರ ಸಂಕಿರಣಗಳಿಗೆ ಪ್ರಿಯವಾದದ್ದು. ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸರಿ, ಅದಕ್ಕೇ ಅದನ್ನು ತಿದ್ದುವುದು ಕಷ್ಟ. ಸೆಮಿನರಿಯಲ್ಲಿ ಕೃಪೆಯ ಪಾಠ ಹೇಳುತ್ತಲೇ ತಲೆ ನರೆತ ನನ್ನಂಥವನಿಗೆ, ಈ ಎರಡರ ನಡುವೆ ಕೈಬಿಟ್ಟುಹೋಗುತ್ತಿರುವುದರ ಬಗ್ಗೆ ಚಿಂತೆ.

ಲೂಥರ್ ದನಿಯೆತ್ತಿದ ಮೊದಲ ಕಾಲು ಶತಮಾನದಲ್ಲಿ ಉತ್ತರಕ್ಕಿಂತ ಖಂಡನೆಯೇ ಹೆಚ್ಚು. 1520ರ ಜೂನ್‌ನಲ್ಲಿ ಪೋಪ್ ಹತ್ತನೆಯ ಲಿಯೋ ಹೊರಡಿಸಿದ ಆಜ್ಞಾಪತ್ರ ಲೂಥರನ 41 ಹೇಳಿಕೆಗಳನ್ನು ಸಾಲಾಗಿ ಇಟ್ಟು ತಿರಸ್ಕರಿಸಿತು. ಯಾವುದು ಪಾಷಂಡ, ಯಾವುದು ಬರಿಯ ಒರಟು ಮಾತು ಎಂದು ಬಿಡಿಸಿ ಹೇಳಲಿಲ್ಲ. ಲೂಥರನ ಎದುರಾಳಿ ಯೋಹಾನ್ ಎಕ್ ಪಂಡಿತ ನಿಜ, ಆದರೆ ಗೆಲ್ಲಲು ಕೂತ ಪಂಡಿತ. 1541ರ ರೇಗೆನ್ಸ್‌ಬರ್ಗ್ ಸಂವಾದದ ಕಥೆ ಬೇರೆ. ಕಾರ್ಡಿನಲ್ ಕೊಂತಾರಿನಿಯ ಮುಂದೆ ಗ್ರೋಪರ್ ಮತ್ತು ಎಕ್ ಒಂದು ಕಡೆ, ಮೆಲಾಂಕ್ಟನ್ ಮತ್ತು ಬುಟ್ಸರ್ ಇನ್ನೊಂದು ಕಡೆ ಕೂತರು. ನೀತೀಕರಣದ ಬಗ್ಗೆ, ಅಂದರೆ ಪಾಪಿ ದೇವರ ಮುಂದೆ ನೀತಿವಂತನಾಗುವ ಬಗೆಯ ಬಗ್ಗೆ, ಒಮ್ಮತ ಬಂದೇಬಿಟ್ಟಿತು. ಅದು ರೋಮಿಗೂ ಬೇಡವಾಯಿತು, ಲೂಥರನಿಗೂ ಬೇಡವಾಯಿತು.

ಟ್ರೆಂಟ್ ಮಹಾಸಭೆ ಅದೇ ವಿಷಯದ ಮೇಲೆ ಏಳು ತಿಂಗಳು ಜಗ್ಗಾಡಿ 1547ರ ಜನವರಿ 13ರಂದು 16 ಅಧ್ಯಾಯ, 33 ವಿಧಿಗಳ ನಿರ್ಣಯ ಕೊಟ್ಟಿತು. ಅದನ್ನು ಬೈಯುವವರಲ್ಲಿ ಓದಿದವರು ಕಡಿಮೆ. ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲ ಎನ್ನುವವನಿಗೆ ಮೊದಲ ವಿಧಿಯಲ್ಲೇ ಬಹಿಷ್ಕಾರ. ಎಂಟನೆಯ ಅಧ್ಯಾಯ ಇನ್ನೂ ಮುಂದೆ ಹೋಗುತ್ತದೆ: ನೀತೀಕರಣಕ್ಕೆ ಮುಂಚಿನ ಯಾವುದೂ, ವಿಶ್ವಾಸವಾಗಲಿ ಕ್ರಿಯೆಯಾಗಲಿ, ಆ ಕೃಪೆಯನ್ನು ಗಳಿಸಿಕೊಡಲಾರದು. ಹಾಗಾದರೆ ಜಗಳವೆಲ್ಲಿ? ಕ್ರಿಸ್ತನ ನೀತಿಯನ್ನು ದೇವರು ಪಾಪಿಯದೆಂದೇ ಎಣಿಸುತ್ತಾನೆ, ಪಾಪಿ ಅದನ್ನು ವಿಶ್ವಾಸದಿಂದ ಅಪ್ಪಿಕೊಳ್ಳುತ್ತಾನೆ ಎಂದಿತು ಲೂಥರನ ವಿಟೆನ್‌ಬರ್ಗ್. ಕೃಪೆ ಒಳಗಿಳಿದು ಮನುಷ್ಯನನ್ನೇ ಬದಲಿಸುತ್ತದೆ, ಪ್ರೀತಿ ಕೂಡದ ವಿಶ್ವಾಸ ಅವನನ್ನು ಕ್ರಿಸ್ತನೊಂದಿಗೆ ಪೂರ್ತಿ ಬೆಸೆಯದು, ಬದಲಾದವನು ಅದರಲ್ಲೇ ಬೆಳೆಯಬೇಕು, ಬೀಳಲೂಬಹುದು ಎಂದಿತು ಟ್ರೆಂಟ್. ಕೃಪೆ ನಮ್ಮ ನಡತೆಯಲ್ಲಿ ಏನು ಮಾಡುತ್ತದೆ ಎಂಬುದೇ ಕಥೋಲಿಕ ಉತ್ತರದ ಬೇರು.

ಅಗಸ್ಟೀನಿಯನ್ ಸಂನ್ಯಾಸಿಗಳ ಮುಖ್ಯಸ್ಥ ಸೆರಿಪಾಂದೊ, ನಮ್ಮೊಳಗಿನ ನೀತಿ ಎಷ್ಟು ಬೆಳೆದರೂ ಕೊನೆಗೆ ಕ್ರಿಸ್ತನ ನೀತಿಗೇ ಮೊರೆಹೋಗಬೇಕು ಎಂದು ಅಲ್ಲಿ ವಾದಿಸಿ ಸೋತ. ಸೋತದ್ದು ನಷ್ಟ ಎಂದೇ ನನ್ನ ಎಣಿಕೆ. ಅರ್ಧ ಶತಮಾನದೊಳಗೆ ವಾದಗ್ರಂಥಗಳ ದೊರೆ ಬೆಲ್ಲರ್ಮೀನನೇ, ನಮ್ಮ ನೀತಿಯನ್ನು ನೆಚ್ಚುವುದಕ್ಕಿಂತ ದೇವರ ಕರುಣೆಯೊಂದನ್ನೇ ನೆಚ್ಚುವುದು ಕ್ಷೇಮ ಎಂದು ಬರೆದ.

ಆಮೇಲಿನ ಮುನ್ನೂರು ವರ್ಷ ವಾದಗ್ರಂಥಗಳು ಗುಡ್ಡೆಯಾದವು. ಆ ಅಲೆ ತಮಿಳು ನಾಡಿಗೂ ಬಂತು: ತರಂಗಂಬಾಡಿಯ ಲೂಥರನ್ ಮಿಷನರಿಗಳಿಗೆ ಉತ್ತರವಾಗಿ ಜೆಸ್ವಿಟ್ ಬೆಸ್ಕಿ, ತಮಿಳರ ವೀರಮಾಮುನಿವರ್, 1728ರಲ್ಲಿ ‘ವೇದವಿಳಕ್ಕಂ’ ಬರೆದ. ಇವನ್ನು ಬೇಗ ದಾಟೋಣ. ಅದೇ ಹೊತ್ತಿನಲ್ಲಿ ಸದ್ದಿಲ್ಲದೆ ಇನ್ನೊಂದು ನಡೆಯಿತು. ಟ್ರೆಂಟ್ ನಂತರದ ಸೆಮಿನರಿಗಳಲ್ಲಿ ಕೃಪೆಯ ಪಾಠ ಸಿದ್ಧಾಂತದವರ ಪಾಲಾಯಿತು. ನೀತಿಯ ಪಾಠ, ಪಾಪನಿವೇದನೆ ಕೇಳುವ ಗುರುಗಳ ಕೈಪಿಡಿಯಾಯಿತು. 1600ರಲ್ಲಿ ಹುವಾನ್ ಅಸೋರನ ಗ್ರಂಥದ ಮೊದಲ ಸಂಪುಟ ಬಂದ ಮೇಲೆ ಪಾಪದ ಬಗೆ, ತೂಕ, ಸಂಖ್ಯೆಗಳೇ ನೀತಿಶಾಸ್ತ್ರವಾಗುತ್ತ ಹೋದವು, ಕಿರಾಣಿ ಅಂಗಡಿಯ ಉದ್ದರಿ ಪುಸ್ತಕದ ಹಾಗೆ. ಪಾಸ್ಕಲ್ 1656ರಿಂದ ಬರೆದ ಪತ್ರಗಳಲ್ಲಿ ಇದನ್ನು ಗೇಲಿ ಮಾಡಿದ, ಅವನು ಕಥೋಲಿಕನೇ. ಸಂತ ಅಲ್ಫೋನ್ಸ್ ಲಿಗೋರಿ ಕೈಪಿಡಿಗೆ ಕರುಣೆ ತುಂಬಿದರು, ಚೌಕಟ್ಟು ಬದಲಿಸಲಿಲ್ಲ. ಟ್ರೆಂಟಿನ ನಿರ್ಣಯವನ್ನು ಸಾಲುಸಾಲಾಗಿ ಪರೀಕ್ಷಿಸಿದ ಕೆಮ್ನಿಟ್ಸ್‌ನಂಥವರನ್ನು ಬಿಟ್ಟರೆ, ಪ್ರೊಟೆಸ್ಟೆಂಟರ ಕಣ್ಣಿಗೆ ಬಿದ್ದದ್ದು ಈ ಲೆಕ್ಕಾಚಾರವೇ. ‘ಕ್ರಿಯೆಗಳಿಂದ ಸ್ವರ್ಗ’ ಎಂಬ ಅಪವಾದಕ್ಕೆ ನಮ್ಮವರ ಕೊಡುಗೆ ಸಣ್ಣದಲ್ಲ.

ಟ್ಯೂಬಿಂಗನ್ನಿನ ಮೋಲರ್ 1832ರಲ್ಲಿ ಎರಡೂ ಕಡೆಯ ವಿಶ್ವಾಸಪ್ರಮಾಣಗಳನ್ನು ಎದುರುಬದುರು ಇಟ್ಟು ಓದಿದರು. ನ್ಯೂಮನ್ 1838ರಲ್ಲಿ, ಇನ್ನೂ ಆಂಗ್ಲಿಕನ್ ಆಗಿದ್ದಾಗಲೇ, ನೀತಿವಂತನೆಂದು ಸಾರುವ ದೇವರ ಮಾತು ಸಾರಿದ್ದನ್ನು ಆಗಿಸಿಯೂ ಬಿಡುತ್ತದೆ ಎಂದು ತೋರಿಸಿದರು. ಈ ವಿಷಯದ ಮೇಲೆ ಬಂದ ಅತ್ಯಂತ ಸೊಗಸಾದ ಗದ್ಯ ಅದು. 1904ರಲ್ಲಿ ಕಥೋಲಿಕ ಇತಿಹಾಸಕಾರ ಡೆನಿಫ್ಲೆ, ವಿಶ್ವಾಸ ಸಾಕೆಂಬ ಲೂಥರನ ಬೋಧೆಯನ್ನು ಅವನ ಇಂದ್ರಿಯ ದೌರ್ಬಲ್ಯದ ಸಮರ್ಥನೆಯಾಗಿ ಓದಿ ಎಲ್ಲವನ್ನೂ ಹಿಂದಕ್ಕೆಳೆದರು. ಅಪಾರ ವಿದ್ವತ್ತು, ಅಷ್ಟೇ ಹಗೆ. ಇನ್ನೊಬ್ಬ ಕಥೋಲಿಕ ಇತಿಹಾಸಕಾರ ಯೋಸೆಫ್ ಲೋರ್ಟ್ಸ್ ಬರುವವರೆಗೆ ಲೂಥರ್ ಪ್ರಾರ್ಥನೆ ಮಾಡುತ್ತಿದ್ದವನು ಎಂಬುದೇ ನಮ್ಮವರಿಗೆ ಮರೆತಿತ್ತು.

ನಾವು ವಿದ್ಯಾರ್ಥಿಗಳಾಗಿದ್ದ 1970ರ ದಶಕದಲ್ಲಿ ಗಾಳಿಯೇ ಬೇರೆ. ಹೂಬರ್ಟ್ ಯೆದಿನ್ ಟ್ರೆಂಟಿನ ಇತಿಹಾಸದ ನಾಲ್ಕನೆಯ ಸಂಪುಟ ಮುಗಿಸಿದ್ದು 1975ರಲ್ಲಿ. ಆ ಮಹಾಸಭೆಯಲ್ಲಿ ಒಂದೇ ದನಿ ಇರಲಿಲ್ಲ, ಸೆರಿಪಾಂದೊಗಳೂ ಇದ್ದರು ಎಂಬುದು ನಮಗೆ ಗೊತ್ತಾದದ್ದು ಅವರಿಂದ. ಹಾನ್ಸ್ ಕ್ಯೂಂಗ್ 1957ರಲ್ಲಿ, ಮೂವತ್ತು ತುಂಬುವ ಮೊದಲೇ, ಕಾರ್ಲ್ ಬಾರ್ಟ್ ಅವರ ನೀತೀಕರಣ ಬೋಧೆಯನ್ನು ಕಥೋಲಿಕ ಬೋಧೆಯ ಪಕ್ಕದಲ್ಲಿಟ್ಟು ಎರಡಕ್ಕೂ ಮೂಲದಲ್ಲಿ ವಿರೋಧವಿಲ್ಲ ಎಂದರು. ನೀವು ಹೇಳುವುದೇ ರೋಮಿನ ಬೋಧೆಯಾದರೆ ಅದು ನನ್ನದರ ಜೊತೆ ಹೊಂದುತ್ತದೆ ಎಂದು ಬಾರ್ಟ್ ಪತ್ರ ಬರೆದರು. ಅದನ್ನೇ ಕ್ಯೂಂಗ್ ಪುಸ್ತಕದ ಮೊದಲಿಗೆ ಅಚ್ಚು ಹಾಕಿಸಿದರು. ಆ ‘ಆದರೆ’ಯೊಳಗಿನ ಚುರುಕನ್ನು ಎಲ್ಲರೂ ಗಮನಿಸಲಿಲ್ಲ.

ಎಲ್ಲರಿಗಿಂತ ನನಗೆ ಮುಖ್ಯರಾದವರು ಓಟೋ ಹೆರ್ಮನ್ ಪೆಶ್. 1967ರ ಅವರ ದಪ್ಪ ಗ್ರಂಥ ಲೂಥರನನ್ನೂ ಸಂತ ಥಾಮಸ್ ಅಕ್ವಿನಾಸರನ್ನೂ ಒಟ್ಟಿಗೆ ಕೂರಿಸುತ್ತದೆ. ಅಕ್ವಿನಾಸರು ಸೃಷ್ಟಿಯಿಂದ ಮೋಕ್ಷದವರೆಗಿನ ದೇವರ ಕೆಲಸವನ್ನು ದೂರದಿಂದ, ಇಡಿಯಾಗಿ ನೋಡಿ ಬರೆಯುತ್ತಾರೆ. ಲೂಥರ್ ದೇವರ ಮುಂದೆ ಮೊಣಕಾಲೂರಿ ಮಾತಾಡುತ್ತಾನೆ. ಮೊಣಕಾಲೂರಿದವನು ‘ನಾನು ನೀತಿವಂತ, ಆದರೂ ಪಾಪಿ’ ಎಂದರೆ ಅದು ನಿವೇದನೆ; ಅದನ್ನೇ ವ್ಯಾಖ್ಯೆಯೆಂದು ಹಿಡಿದರೆ ವಿರೋಧಾಭಾಸ. ಪೆಶ್ ಭೇದವನ್ನು ತೇಲಿಸಿಬಿಡಲಿಲ್ಲ, ಅದಕ್ಕೊಂದು ನೆಲೆ ಹುಡುಕಿಕೊಟ್ಟರು.

ನೀತಿಶಾಸ್ತ್ರದಲ್ಲಿ ಈ ಕೆಲಸ ಶುರುಮಾಡಿದವರು ಬೆರ್ನಾರ್ಡ್ ಹೇರಿಂಗ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ವೈದ್ಯಕೀಯ ಸಹಾಯಕರಾಗಿ ಇದ್ದವರು. ಬರಿಯ ವಿಧೇಯತೆ ಮನುಷ್ಯರನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಕಣ್ಣಾರೆ ಕಂಡಿದ್ದರು. 1954ರ ಅವರ ಗ್ರಂಥ ಕೈಪಿಡಿಯ ಲೆಕ್ಕ ಬಿಟ್ಟು, ಕ್ರಿಸ್ತನ ಕರೆಗೆ ಮನುಷ್ಯ ಕೊಡುವ ಓಗೊಡುವಿಕೆಯನ್ನು ನೀತಿ ಎಂದಿತು. ಪ್ರೊಟೆಸ್ಟೆಂಟರಿಗೆ ಕೊಡಬಹುದಾದ ಅತ್ಯುತ್ತಮ ಕಥೋಲಿಕ ಉತ್ತರ ಅಲ್ಲಿ ಮೊಳೆತಿತ್ತು. ಆದರೆ 1968ರ ಪೋಪರ ವಿಶ್ವಪತ್ರದ ನಂತರ ನೀತಿಶಾಸ್ತ್ರಿಗಳ ಶಕ್ತಿ ಹೆಚ್ಚಾಗಿ ಗರ್ಭನಿರೋಧದ ವಾದಕ್ಕೇ ಸಂದಿತು. 1985ರಲ್ಲಿ ನೀತಿಶಾಸ್ತ್ರಿ ಪಿಂಕೇರ್ಸ್ ನೀತಿ ಮತ್ತು ಕೃಪೆಯ ಅಗಲಿಕೆಯ ಇತಿಹಾಸವನ್ನೇ ಬಿಡಿಸಿಟ್ಟರು. ಏಕತಾ ಸಂವಾದದ ಮೇಜಿಗೆ ಆ ಪುಸ್ತಕ ಬಂದಂತಿಲ್ಲ.

ಮೇಜಿನ ಮೇಲೆ ಇದ್ದದ್ದು ಸಿದ್ಧಾಂತ. 1983ರಲ್ಲಿ ಅಮೆರಿಕದ, 1986ರಲ್ಲಿ ಜರ್ಮನಿಯ ವಿದ್ವಾಂಸರ ವರದಿಗಳು ಬಂದವು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ವ್ಯಾಟಿಕನ್ನೂ ಜಂಟಿ ಘೋಷಣೆಗೆ ಸಹಿ ಹಾಕಿದವು. ಮೂಲ ಸತ್ಯಗಳಲ್ಲಿ ಒಮ್ಮತವಿದೆ, ಉಳಿದ ಭೇದಗಳು ಖಂಡನೆಗೆ ಅರ್ಹವಲ್ಲ ಎಂದು ಅದರ ಸಾರ. ಜರ್ಮನಿಯ ನೂರಕ್ಕೂ ಹೆಚ್ಚು ಪ್ರೊಟೆಸ್ಟೆಂಟ್ ಪ್ರಾಧ್ಯಾಪಕರು ಪ್ರತಿಭಟಿಸಿದ್ದರು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು ಸೇರಿಕೊಂಡವು. ವಿಶ್ವಾಸವನ್ನು ಪ್ರೀತಿಗೆ ಎದುರಾಗಿ ನಿಲ್ಲಿಸದಿದ್ದರೆ ಲೂಥರನ ‘ವಿಶ್ವಾಸವೊಂದೇ’ ಸರಿಯೇ ಎಂದು 2008ರ ನವೆಂಬರ್‌ನಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಹೇಳಿದರು. ಇದು ದೊಡ್ಡ ಮಾತು.

ಘೋಷಣೆಯ 43ನೆಯ ಪರಿಚ್ಛೇದದಲ್ಲಿ ಇನ್ನೂ ಚರ್ಚೆಯಾಗಬೇಕಾದ ವಿಷಯಗಳ ಪಟ್ಟಿಯಿದೆ. ಧರ್ಮಸಭೆಯ ಅಧಿಕಾರ, ಯಾಜಕತ್ವ, ಸಂಸ್ಕಾರಗಳು ಎಲ್ಲ ಆದ ಮೇಲೆ ಕೊನೆಯಲ್ಲಿ ಬರುತ್ತದೆ: ನೀತೀಕರಣಕ್ಕೂ ಸಾಮಾಜಿಕ ನೀತಿಗೂ ಇರುವ ಸಂಬಂಧ. ಮೊದಲಿನವುಗಳ ಮೇಲೆ ಕಪಾಟು ತುಂಬುವಷ್ಟು ಬರಹ ಬಂದಿದೆ; ಈ ಕೊನೆಯದರ ಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಆ ಕೊರತೆ ನಮ್ಮ ನೆಲದಲ್ಲೇ ಎದ್ದು ಕಾಣುತ್ತದೆ.

ಕರ್ನಾಟಕದ ಕಥೋಲಿಕ ಯುವಕನಿಗೆ ಇವತ್ತು ಎದುರಾಗುವವರು ಲೂಥರನ್ನರಲ್ಲ, ಸ್ವತಂತ್ರ ಸಭೆಗಳ ಬೋಧಕರು. ‘ನೀನು ರಕ್ಷಣೆ ಹೊಂದಿದ್ದು ಯಾವಾಗ?’ ಎಂದು ಅವರು ಕೇಳುತ್ತಾರೆ. ನಮ್ಮ ಕಿರುಹೊತ್ತಗೆಗಳು ಸಂತ ಪೌಲರ ವಾಕ್ಯಕ್ಕೆ ಸಂತ ಯಕೋಬರ ವಾಕ್ಯ ಎದುರಿಟ್ಟು ಗೆದ್ದೆವೆಂದುಕೊಳ್ಳುತ್ತವೆ. ಕೃಪೆ ಮನುಷ್ಯನನ್ನು ನಿಜಕ್ಕೂ ಬದಲಿಸುತ್ತದೆ ಎಂದು ನಾವು ಹೇಳುವುದಾದರೆ, ಜಾತಿ ನೋಡಿಯೇ ಸಂಬಂಧ ಬೆಳೆಸುವ ನಮ್ಮ ಮನೆಗಳಲ್ಲಿ ಅದು ಬದಲಿಸಿದ್ದೇನು ಎಂದು ಆ ಬೋಧಕ ತಿರುಗಿ ಕೇಳಬಹುದು. ಅದನ್ನು ಟ್ರೆಂಟಿನ ಬೋಧೆಯ ಬೆಳಕಿನಲ್ಲಿ ಎತ್ತಿಕೊಂಡ ಒಂದು ಕನ್ನಡ ಪ್ರಬಂಧವೂ ಇದುವರೆಗೆ ನನ್ನ ಕೈಗೆ ಬಂದಿಲ್ಲ.